ಈಗ ಹೇಳಿದ್ದು ಈಗಲೇ ಮರೆತುಹೋದರೆ? ಮಿದುಳಿನ ಅಲೆಗಳು ಮತ್ತು ಕಾರ್ಯನಿರತ ಸ್ಮರಣೆ

ನೀವು ತಳೇಗಾಂವ ದಾಭಾಡೆಯಲ್ಲಿ ನೆಲೆಸಿರುವ ಕನ್ನಡಿಗರು ಎಂದುಕೊಳ್ಳಿ. ಲೋಣಾವಳದ ಲೋಕಲ್ ಯಾವ ಪ್ಲಾಟ್‌ಫಾರಂಗೆ ಬರುತ್ತದೆಂದು ಸ್ಟೇಷನ್ನಿನಲ್ಲಿ ಮರಾಠಿಯಲ್ಲಿ ಹೇಳುತ್ತಾರೆ. ಆ ಸಂಖ್ಯೆಯನ್ನು ಕನ್ನಡದಲ್ಲಿ ಮನಸ್ಸಿಗೆ ಹೇಳಿಕೊಂಡು ಮೆಟ್ಟಿಲು ಹತ್ತುತ್ತೀರಿ. ಅಷ್ಟರಲ್ಲಿ ಫೋನ್ ಬರುತ್ತದೆ. ಮಾತು ಮುಗಿದಾಗ ಸಂಖ್ಯೆ ನೆನಪಿರುವುದಿಲ್ಲ. ಇದು ಕಾಯಿಲೆಯೇ? ಸಾಮಾನ್ಯವಾಗಿ ಅಲ್ಲ.

ಕಾರ್ಯನಿರತ ಸ್ಮರಣೆ ಎಂದರೇನು?

ಕೆಲಸ ಮುಗಿಯುವವರೆಗೆ ಮಾತ್ರ ಮಾಹಿತಿಯನ್ನು ಹಿಡಿದಿಟ್ಟುಕೊಂಡು ಬಳಸುವ ಶಕ್ತಿಯೇ ಕಾರ್ಯನಿರತ ಸ್ಮರಣೆ, ಅಂದರೆ ವರ್ಕಿಂಗ್ ಮೆಮೊರಿ. ಇದರ ಜಾಗ ಬಹಳ ಚಿಕ್ಕದು. ಆರೋಗ್ಯವಂತ ವಯಸ್ಕರಲ್ಲೂ ಒಮ್ಮೆಗೆ ಸುಮಾರು ನಾಲ್ಕು ವಿಷಯಗಳಷ್ಟೇ ಹಿಡಿಸುತ್ತವೆ.

ಮಿದುಳು ಇದನ್ನು ಹೇಗೆ ನಿಯಂತ್ರಿಸುತ್ತದೆ?

ನರಕೋಶಗಳು ಗುಂಪಾಗಿ ಒಂದೇ ಲಯದಲ್ಲಿ ಕೆಲಸ ಮಾಡಿದಾಗ ವಿದ್ಯುತ್ ಅಲೆಗಳು ಉಂಟಾಗುತ್ತವೆ. ಅಮೆರಿಕದ ಎಂಐಟಿಯ ಅರ್ಲ್ ಮಿಲ್ಲರ್ ಮತ್ತು ಸಂಗಡಿಗರು ಕೋತಿಗಳ ಮಿದುಳಿನ ಮುಂಭಾಗದಲ್ಲಿ ಈ ಅಲೆಗಳನ್ನು ಅಳೆದು, 2016 ಮತ್ತು 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಾಹಿತಿಯನ್ನು ಒಳಗೆ ತೆಗೆದುಕೊಳ್ಳುವಾಗ ಮತ್ತು ಬಳಸುವಾಗ ವೇಗದ ಗಾಮಾ ಅಲೆಗಳು ಚಿಮ್ಮುತ್ತಿದ್ದವು. ಆಗ ಅದಕ್ಕಿಂತ ನಿಧಾನದ ಬೀಟಾ ಅಲೆಗಳು ತಗ್ಗುತ್ತಿದ್ದವು. ಕೆಲಸ ಮುಗಿದ ಮೇಲೆ ಬೀಟಾ ಮತ್ತೆ ಏರುತ್ತಿತ್ತು.

ಸರಳವಾಗಿ ಹೇಳುವುದಾದರೆ, ಬೀಟಾ ಬಾಗಿಲು ಕಾಯುವವನಂತೆ. ಬೇಡದ್ದನ್ನು ಹೊರಗೆ ತಡೆದು, ಬೇಕಾದಾಗ ದಾರಿ ಬಿಡುತ್ತದೆ. ಹಾಗಾಗಿ ಮರೆವು ಎಂದರೆ ಯಾವಾಗಲೂ ನೆನಪಿನ ಶಕ್ತಿಯೇ ಕುಂದಿದೆ ಎಂದಲ್ಲ. ಬೇಡದ ವಿಷಯ ಒಳಗೆ ನುಗ್ಗಿರಬಹುದು. ಮನುಷ್ಯರಲ್ಲಿ ಈ ನಿಯಂತ್ರಣದ ಬಗ್ಗೆ ಸಂಶೋಧನೆ ಇನ್ನೂ ನಡೆಯುತ್ತಿದೆ.

ಏಕೆ ಹದಗೆಡುತ್ತದೆ?

ನಿದ್ರೆಗೇಡು, ಆತಂಕ, ಖಿನ್ನತೆ, ಥೈರಾಯ್ಡ್ ತೊಂದರೆ, ಬಿ12 ಕೊರತೆ ಮತ್ತು ಕೆಲವು ನಿದ್ರೆ ಮಾತ್ರೆಗಳು ಸಾಮಾನ್ಯ ಕಾರಣಗಳು. ಇವುಗಳಲ್ಲಿ ಹೆಚ್ಚಿನವಕ್ಕೆ ಚಿಕಿತ್ಸೆ ಇದೆ. ಪಾರ್ಶ್ವವಾಯು, ತಲೆಗೆ ಪೆಟ್ಟು, ಪಾರ್ಕಿನ್ಸನ್ ಮತ್ತು ಡಿಮೆನ್ಷಿಯಾದಲ್ಲೂ ಇದು ಕುಗ್ಗಬಹುದು. ವೈದ್ಯರು ಹೇಳದೆ ಯಾವ ಮಾತ್ರೆಯನ್ನೂ ತಾವಾಗಿ ನಿಲ್ಲಿಸಬೇಡಿ.

ಮನೆಯಲ್ಲಿ ಏನು ಮಾಡಬಹುದು?

- ಟಿವಿ ಆರಿಸಿ, ಎದುರಿಗೆ ಕುಳಿತು, ಒಂದು ಸಲಕ್ಕೆ ಒಂದೇ ವಿಷಯ ಹೇಳಿ.
- ರೋಗಿಗೆ ಚೆನ್ನಾಗಿ ಬರುವ ಭಾಷೆಯಲ್ಲಿ ಹೇಳಿ. ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಬರೆದ ಔಷಧ ಚೀಟಿಯನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆದಿಡಿ.
- ಕೇಳಿದ್ದನ್ನು ಅವರ ಮಾತಿನಲ್ಲೇ ಮತ್ತೆ ಹೇಳಿಸಿ.
- ಬೆಳಿಗ್ಗೆ, ಮಧ್ಯಾಹ್ನ, ರಾತ್ರಿಯ ಮಾತ್ರೆಗಳಿಗೆ ಬೇರೆ ಬೇರೆ ಡಬ್ಬಿ ಇಡಿ.

ಯಾವಾಗ ವೈದ್ಯರನ್ನು ಕಾಣಬೇಕು?

ಮರೆವು ತಿಂಗಳಿಂದ ತಿಂಗಳಿಗೆ ಹೆಚ್ಚುತ್ತಿದ್ದರೆ, ಅಡುಗೆ, ಹಣಕಾಸು, ಔಷಧಿಯಲ್ಲಿ ತಪ್ಪುಗಳಾಗುತ್ತಿದ್ದರೆ, ಗೊತ್ತಿರುವ ದಾರಿ ತಪ್ಪಿದರೆ ತಡಮಾಡದೆ ತೋರಿಸಿ. ಬಾಯಿ ಸೊಟ್ಟಗಾಗುವುದು, ಕೈ ಸೋಲುವುದು, ಮಾತು ತೊದಲುವುದು ಅಥವಾ ದಿಢೀರ್ ಗೊಂದಲ ಕಂಡರೆ ತಕ್ಷಣ 108ಕ್ಕೆ ಕರೆ ಮಾಡಿ. ಆತಂಕ, ನಿದ್ರೆಗೇಡಿನ ಬಗ್ಗೆ ಮಾತನಾಡಲು ಟೆಲಿ-ಮಾನಸ್‌ನ ಉಚಿತ ಸಂಖ್ಯೆ 14416 ಇದೆ.

ಅಪ್ಪ ಅಥವಾ ಅಮ್ಮ ಅದೇ ಪ್ರಶ್ನೆಯನ್ನು ಮೂರನೇ ಸಲ ಕೇಳಿದಾಗ "ಈಗ ತಾನೆ ಹೇಳಿದೆನಲ್ಲ" ಎಂದು ಗದರಬೇಡಿ. ಅವರು ಬೇಕೆಂದು ಮರೆತಿಲ್ಲ. ಗದರಿದರೆ ಆತಂಕ ಹೆಚ್ಚುತ್ತದೆ, ಆತಂಕ ಹೆಚ್ಚಿದಷ್ಟೂ ನೆನಪಿಟ್ಟುಕೊಳ್ಳುವುದು ಇನ್ನೂ ಕಷ್ಟ.