ದಾದಿಯ ಕೆಲಸ, ಆಯಾಳ ಕೈ

ಇಂದು ಮನೆಮನೆಯಲ್ಲಿರುವ ಥರ್ಮಾಮೀಟರು ಹತ್ತೊಂಬತ್ತನೆಯ ಶತಮಾನದ ನಡುಭಾಗದವರೆಗೂ ವೈದ್ಯನ ಸೊತ್ತಾಗಿತ್ತು. ಉದ್ದನೆಯ ಆ ಉಪಕರಣದಿಂದ ಒಮ್ಮೆ ಜ್ವರ ಅಳೆಯಲು ಇಪ್ಪತ್ತು ನಿಮಿಷ ಬೇಕಾಗುತ್ತಿತ್ತು. 1866ರ ಸುಮಾರಿಗೆ ಇಂಗ್ಲೆಂಡಿನ ವೈದ್ಯ ಥಾಮಸ್ ಕ್ಲಿಫರ್ಡ್ ಆಲ್ಬಟ್ ಆರು ಇಂಚಿನ, ಐದು ನಿಮಿಷದಲ್ಲಿ ಅಳತೆ ಕೊಡುವ ಉಪಕರಣವನ್ನು ರೂಪಿಸಿದನು. ಅಳೆಯುವುದು ಸುಲಭವಾದಂತೆ ಆ ಕೆಲಸ ವೈದ್ಯನಿಂದ ದಾದಿಗೆ, ದಾದಿಯಿಂದ ಸಹಾಯಕಿಗೆ ಇಳಿದುಬಂದಿತು. ರಕ್ತದೊತ್ತಡ ನೋಡುವ ಕೆಲಸವೂ ಇದೇ ಹಾದಿ ಹಿಡಿಯಿತು. ಆದರೆ ಒಂದು ಮಾತ್ರ ಹಾಗೆ ಇಳಿದುಬರಲಿಲ್ಲ: ಕಂಡ ಅಂಕಿಯ ಅರ್ಥವೇನು, ಈಗ ಏನು ಮಾಡಬೇಕು ಎಂಬ ತೀರ್ಮಾನ. ಶುಶ್ರೂಷೆಯ ಚರಿತ್ರೆಯುದ್ದಕ್ಕೂ ನಡೆದಿರುವ ವಾದವೆಲ್ಲ ಈ ಅಂತರದ ಸುತ್ತಲೇ ಇದೆ.

ಪರವಾನಗಿ ಇಲ್ಲದವರು ಎಂಬ ವರ್ಗ ಹುಟ್ಟಬೇಕಾದರೆ ಮೊದಲು ಪರವಾನಗಿ ಹುಟ್ಟಬೇಕು. ಫ್ಲಾರೆನ್ಸ್ ನೈಟಿಂಗೇಲ್ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಶಾಲೆ ತೆರೆದಳು. ಆದರೂ ದಾದಿಯರ ನೋಂದಣಿಯ ಬೇಡಿಕೆ ಬಂದಾಗ ಅದನ್ನು ವಿರೋಧಿಸಿದಳು. ಬ್ರಿಟನ್ನಿನಲ್ಲಿ ನೋಂದಣಿ ಕಾಯಿದೆ ಬಂದದ್ದು ಅವಳು ತೀರಿಕೊಂಡ ಮೇಲೆ, 1919ರಲ್ಲಿ. ನಮ್ಮಲ್ಲಿ ಮದ್ರಾಸು ಪ್ರಾಂತ್ಯ 1926ರಲ್ಲಿ ಇಂಥ ಕಾಯಿದೆ ತಂದಿತು. ಅಂದಿನಿಂದ ವಾರ್ಡಿನಲ್ಲಿ ಒಂದು ಗೆರೆ ಬಿದ್ದಿತು: ಪಟ್ಟಿಯಲ್ಲಿ ಹೆಸರಿರುವವರು ಒಂದು ಕಡೆ, ಇಲ್ಲದವರು ಇನ್ನೊಂದು ಕಡೆ.

ಆ ಗೆರೆಯನ್ನು ಕೊರತೆ ಮತ್ತೆ ಮತ್ತೆ ಅಳಿಸಿ ಬರೆದಿದೆ. ಎರಡನೆಯ ಮಹಾಯುದ್ಧದ ನಡುವೆ, 1943ರಲ್ಲಿ, ಬ್ರಿಟನ್ ಸಹಾಯಕ ದಾದಿಯರಿಗೆಂದೇ ಬೇರೊಂದು ಪಟ್ಟಿ ತೆರೆಯಿತು. ಭಾರತದ ಕೊರತೆ ಇನ್ನೂ ಘೋರವಾಗಿತ್ತು. 1946ರ ಭೋರ್ ಸಮಿತಿಯ ವರದಿಯ ಹೊತ್ತಿಗೆ ಇಡೀ ದೇಶದಲ್ಲಿದ್ದ ನೋಂದಾಯಿತ ದಾದಿಯರು ಏಳು ಸಾವಿರದಷ್ಟು. ಅಂದರೆ ಸುಮಾರು 43,000 ಜನರಿಗೆ ಒಬ್ಬಳು. 1947ರಲ್ಲಿ ಭಾರತೀಯ ಶುಶ್ರೂಷಾ ಪರಿಷತ್ತಿನ ಕಾಯಿದೆಯೂ, 1951ರಲ್ಲಿ ಪಂಜಾಬಿನ ತರನ್ ತಾರನ್‌ನಲ್ಲಿ ಎರಡು ವರ್ಷದ ಎ.ಎನ್.ಎಂ. ತರಬೇತಿಯೂ ಬಂದವು. ಎ.ಎನ್.ಎಂ.ಗೆ ನೋಂದಣಿಯಾದರೂ ಇತ್ತು. ಅವಳಿಗಿಂತ ಕೆಳಗೆ, ಯಾವ ಪಟ್ಟಿಯಲ್ಲೂ ಇಲ್ಲದೆ, ವಾರ್ಡ್ ಬಾಯ್ ಮತ್ತು ಆಯಾ ಉಳಿದರು. ಮುಂಬಯಿ, ಪುಣೆಗಳ ಆಸ್ಪತ್ರೆಗಳಲ್ಲಿ ಆಕೆಯನ್ನು 'ಮಾವಶಿ' ಎಂದು ಕರೆಯುವುದನ್ನು ನಮ್ಮಲ್ಲಿ ಕೇಳದವರಿಲ್ಲ. ನಂಟಿನ ಹೆಸರಿತ್ತು, ಹುದ್ದೆಗೆ ತಕ್ಕ ಶಿಕ್ಷಣವಿರಲಿಲ್ಲ.

ಹಾಗಾದರೆ ಆಕೆಯ ಕೈಗೆ ಏನನ್ನು ಒಪ್ಪಿಸಬಹುದು? 1990ರ ದಶಕದಲ್ಲಿ ಅಮೆರಿಕದ ರಾಜ್ಯ ಶುಶ್ರೂಷಾ ಮಂಡಳಿಗಳ ರಾಷ್ಟ್ರೀಯ ಒಕ್ಕೂಟ ಇದಕ್ಕೆ ಐದು ಸೂತ್ರಗಳನ್ನು ಕೊಟ್ಟಿತು: ಸರಿಯಾದ ಕೆಲಸ, ಸರಿಯಾದ ಸನ್ನಿವೇಶ, ಸರಿಯಾದ ವ್ಯಕ್ತಿ, ಸರಿಯಾದ ಸೂಚನೆ, ಸರಿಯಾದ ಮೇಲ್ವಿಚಾರಣೆ. ಸ್ನಾನ ಮಾಡಿಸುವುದು, ಹಾಸಿಗೆ ಬದಲಿಸುವುದು, ನಡೆದಾಡಿಸುವುದು, ಸ್ಥಿರವಾಗಿರುವ ರೋಗಿಯ ಜ್ವರ ಅಳೆಯುವುದು ಇವನ್ನು ಒಪ್ಪಿಸಬಹುದು. ರೋಗಿಯ ಸ್ಥಿತಿಯನ್ನು ನಿರ್ಣಯಿಸುವುದು, ಆರೈಕೆಯ ಕ್ರಮವನ್ನು ಯೋಜಿಸುವುದು, ಅದರ ಫಲವನ್ನು ತೂಗಿ ನೋಡುವುದು ಇವನ್ನು ಒಪ್ಪಿಸಲಾಗದು. ಕೆಲಸಗಳ ಪಟ್ಟಿಯೊಂದೇ ಸಾಲದೆಂಬುದಕ್ಕೆ ಊಟ ಮಾಡಿಸುವುದೇ ಸಾಕ್ಷಿ. ಮೂಳೆ ಮುರಿದು ಚೇತರಿಸಿಕೊಳ್ಳುತ್ತಿರುವವರಿಗೆ ಗಂಜಿ ಕುಡಿಸಲು ಯಾವ ಪದವಿಯೂ ಬೇಡ. ಲಕ್ವ ಹೊಡೆದು ಎರಡು ದಿನವಾಗಿ, ನುಂಗುವ ಶಕ್ತಿ ಕುಂದಿದವರಿಗೆ ಅದೇ ಒಂದು ಚಮಚ ಗಂಜಿ ಶ್ವಾಸನಾಳಕ್ಕಿಳಿದು ಪ್ರಾಣಕ್ಕೇ ಸಂಚಕಾರ ತರಬಹುದು. ಕೆಲಸ ಒಂದೇ, ಸನ್ನಿವೇಶ ಬೇರೆ. ಆ ಭೇದವನ್ನು ಕಾಣುವುದೇ ದಾದಿಯ ವಿದ್ಯೆ. ಆದ್ದರಿಂದಲೇ ಕೆಲಸವನ್ನು ಒಪ್ಪಿಸಿದ ಮೇಲೂ ಒಪ್ಪಿಸಿದವಳ ಹೊಣೆ ತೀರುವುದಿಲ್ಲ.

ಈ ಮಾತು ಊರು ಬಿಟ್ಟು ಬಂದ ನಮಗೆ ವಿಶೇಷವಾಗಿ ತಟ್ಟುತ್ತದೆ. ಧಾರವಾಡದಿಂದಲೋ ಕುಂದಾಪುರದಿಂದಲೋ ವೃದ್ಧ ತಾಯಿತಂದೆಯರನ್ನು ಮಹಾನಗರದ ಫ್ಲಾಟಿಗೆ ಕರೆತಂದವರು ಬ್ಯೂರೋ ಮೂಲಕ ಆಯಾಳನ್ನು ಗೊತ್ತುಮಾಡಿಕೊಳ್ಳುತ್ತಾರೆ. ಆಸ್ಪತ್ರೆಯಲ್ಲಿ ಆಕೆಯ ಮೇಲೆ ಒಬ್ಬ ಸಿಸ್ಟರ್ ಇರುತ್ತಾರೆ, ಮನೆಯಲ್ಲಿ ಯಾರೂ ಇಲ್ಲ. ಮಗ, ಸೊಸೆ ಕಚೇರಿಯಲ್ಲಿ. ಅಜ್ಜಿಗೆ ಕನ್ನಡವೊಂದೇ ಗೊತ್ತು, ಆಯಾಳದು ಮರಾಠಿಯೋ ಬಂಗಾಳಿಯೋ. "ಎದಿಯಾಗ ಹಿಡದಂಗ ಆಗ್ತದ" ಎಂಬ ಮಾತು ಅರ್ಥವಾಗದೆ ಮಧ್ಯಾಹ್ನ ಕಳೆದುಹೋದರೆ ತಪ್ಪು ಯಾರದು? ಐದು ಸೂತ್ರಗಳಲ್ಲಿ ಸೂಚನೆ ಮತ್ತು ಮೇಲ್ವಿಚಾರಣೆ ಎರಡೂ ಇಲ್ಲದ ಕಡೆ ಇನ್ಸುಲಿನ್ ಚುಚ್ಚುವ ಕೆಲಸವನ್ನೂ ನಾವು ಆಕೆಗೇ ವಹಿಸುತ್ತೇವೆ. ಅನಾಹುತವಾದಾಗ ಎಲ್ಲಕ್ಕಿಂತ ಕಡಮೆ ಸಂಬಳದ ಆ ಹೆಂಗಸನ್ನೇ ದೂರುತ್ತೇವೆ.

1947ರ ಕಾಯಿದೆಯ ಬದಲಿಗೆಂದು 2023ರಲ್ಲಿ ರಾಷ್ಟ್ರೀಯ ಶುಶ್ರೂಷಾ ಮತ್ತು ಸೂಲಗಿತ್ತಿ ಆಯೋಗದ ಕಾಯಿದೆಯನ್ನು ರೂಪಿಸಲಾಯಿತು. ಜನರಲ್ ಡ್ಯೂಟಿ ಅಸಿಸ್ಟೆಂಟ್ ಎಂಬ ಕೌಶಲ ತರಬೇತಿಯೂ ನಡೆಯುತ್ತಿದೆ. ಕಾನೂನು ಮನೆಯ ಕೋಣೆಯವರೆಗೆ ಬರುವ ತನಕ ನಾವು ಮಾಡಬಹುದಾದದ್ದು ಇಷ್ಟು: ಆಯಾಳನ್ನು ಗೊತ್ತುಮಾಡಿದ ದಿನವೇ ಒಬ್ಬ ನೋಂದಾಯಿತ ದಾದಿಯನ್ನು ಕರೆಸಿ, ಏನು ಮಾಡಬೇಕು, ಏನು ಕೂಡದು, ಯಾವಾಗ ಯಾರಿಗೆ ಫೋನ್ ಮಾಡಬೇಕು ಎಂದು ಇಬ್ಬರಿಗೂ ತಿಳಿಯುವ ಭಾಷೆಯಲ್ಲಿ ಹೇಳಿಸುವುದು, ನೋವಿಗೆ, ಉಸಿರಿಗೆ, ಎದೆಗೆ ಸಂಬಂಧಿಸಿದ ಹತ್ತು ಕನ್ನಡ ಮಾತುಗಳನ್ನು ಆಕೆಗೆ ಕಲಿಸುವುದು. ಕನ್ನಡದ 'ದಾದಿ' ಎಂಬ ಪದ ಮಗುವನ್ನು ಸಾಕುವವಳಿಗೂ ಸಲ್ಲುತ್ತದೆ, ಆಸ್ಪತ್ರೆಯ ನರ್ಸಿಗೂ ಸಲ್ಲುತ್ತದೆ. ಭಾಷೆ ಆ ಇಬ್ಬರನ್ನು ಒಂದೇ ಹೆಸರಿನಲ್ಲಿ ಇಟ್ಟುಕೊಂಡಿದೆ. ಅವರವರ ಹೊಣೆಯನ್ನು ಬೇರೆಮಾಡಿ ತಿಳಿಯುವ ಕೆಲಸ ಮಾತ್ರ ನಮ್ಮದು.