ಚಂದಾದ ಚರಿತ್ರೆ: ಪುಣೆಯ ಒಂದು ಆವರಣದಿಂದ ಇಡೀ ದೇಶಕ್ಕೆ

ಮುಂಬೈ–ಬೆಂಗಳೂರು ಹೆದ್ದಾರಿಯ ಪಕ್ಕದ ವಾಕಡ ಒಂದು ಕಾಲಕ್ಕೆ ಪುಣೆಯ ಅಂಚಿನ ಹಳ್ಳಿ. ಈಗ ಹಿಂಜವಡಿಯ ಸಾಫ್ಟ್‌ವೇರ್ ಕಂಪನಿಗಳಿಗೆ ಹೋಗಿಬರುವವರ ಬಡಾವಣೆ. ಬೀದರ, ಕಲಬುರಗಿ, ವಿಜಯಪುರ, ಬೆಳಗಾವಿ ಕಡೆಯ ಮಂದಿಯೂ ಅಲ್ಲಿದ್ದಾರೆ. ಸುತ್ತಮುತ್ತ ಖಾಸಗಿ ಎಂಜಿನಿಯರಿಂಗ್ ಮತ್ತು ಮ್ಯಾನೇಜ್‌ಮೆಂಟ್ ಕಾಲೇಜುಗಳು. ಅಂಥ ಕಾಲೇಜೊಂದರ ವಿದ್ಯಾರ್ಥಿಗೆ ಪ್ರಾಜೆಕ್ಟಿಗೆಂದು ಒಂದು ಸಂಶೋಧನಾ ಲೇಖನ ಬೇಕಾಯಿತು ಎನ್ನಿ. ಪರದೆಯ ಮೇಲೆ ಶೀರ್ಷಿಕೆ ಕಾಣುತ್ತದೆ, ಸಾರಾಂಶ ಕಾಣುತ್ತದೆ, ಅದರ ಕೆಳಗೆ ಡಾಲರಿನಲ್ಲಿ ಬೆಲೆ ಕಾಣುತ್ತದೆ. ಅಲ್ಲಿಗೆ ಮುಗಿಯಿತು. ಔಂಧ್ ದಾಟಿ ಹತ್ತು ಕಿಲೋಮೀಟರ್ ಆಸುಪಾಸಿನಲ್ಲಿ ಪುಣೆ ವಿಶ್ವವಿದ್ಯಾಲಯವಿದೆ. ಅಲ್ಲಿ ಕೂತ ಅವನದೇ ವಯಸ್ಸಿನ ಇನ್ನೊಬ್ಬನಿಗೆ ಅದೇ ಲೇಖನ ಒಂದು ಪೈಸೆ ಕೇಳದೆ ತೆರೆದುಕೊಳ್ಳಬಹುದು.

ಈ ವ್ಯತ್ಯಾಸದ ಹೆಸರು ‘ಒಂದು ದೇಶ, ಒಂದು ಚಂದಾ’. 2024ರ ನವೆಂಬರ್ 25ರಂದು ಕೇಂದ್ರ ಸಚಿವ ಸಂಪುಟ ಒಪ್ಪಿಗೆ ಕೊಟ್ಟ ಯೋಜನೆ ಇದು. 30 ಪ್ರಕಾಶಕರ ಸುಮಾರು 13,000 ಇ-ಜರ್ನಲ್‌ಗಳು, 6,300ಕ್ಕೂ ಹೆಚ್ಚು ಸಂಸ್ಥೆಗಳು, 2025ರಿಂದ 2027ರವರೆಗಿನ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. ಮೊದಲ ಹಂತದಲ್ಲಿ ಸೇರಿರುವುದು ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ನಡೆಸುವ ಉನ್ನತ ಶಿಕ್ಷಣ ಸಂಸ್ಥೆಗಳು ಮತ್ತು ಕೇಂದ್ರದ ಸಂಶೋಧನಾಲಯಗಳು ಮಾತ್ರ. ಖಾಸಗಿ ಕಾಲೇಜುಗಳು ಹೊರಗೆ. ಯೋಜನೆಯನ್ನು ನಡೆಸುವ ಹೊಣೆ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರದ್ದು. ಆ ಇನ್‌ಫ್ಲಿಬ್‌ನೆಟ್ ಮೊದಲು ನೆರಳು ಪಡೆದದ್ದು ಪುಣೆ ವಿಶ್ವವಿದ್ಯಾಲಯದ ಆವರಣದಲ್ಲಿರುವ ಒಂದು ಸಂಸ್ಥೆಯಲ್ಲಿ. 1991ರ ಮಾರ್ಚ್‌ನಲ್ಲಿ ಯುಜಿಸಿ ಅದನ್ನು ಶುರುಮಾಡಿದಾಗ ಅದು ಆಯುಕಾದ, ಅಂದರೆ ಖಗೋಳ ಮತ್ತು ಖಭೌತ ವಿಜ್ಞಾನದ ಅಂತರ ವಿಶ್ವವಿದ್ಯಾಲಯ ಕೇಂದ್ರದ, ಕೈಕೆಳಗಿನ ಒಂದು ಯೋಜನೆಯಾಗಿತ್ತು. ಸ್ವತಂತ್ರ ಸಂಸ್ಥೆಯಾದದ್ದು 1996ರಲ್ಲಿ.

ನಕ್ಷತ್ರ ನೋಡುವವರ ಸಂಸ್ಥೆಗೆ ದೇಶದ ಗ್ರಂಥಾಲಯಗಳನ್ನು ಹೆಣೆಯುವ ಉಸಾಬರಿ ಯಾಕೆ ಬಂತು? ಆಯುಕಾ ಹುಟ್ಟಿದ್ದೇ ಒಬ್ಬರಿಂದ ಆಗದ್ದನ್ನು ಹಲವರು ಸೇರಿ ಮಾಡಿಕೊಳ್ಳಬೇಕೆಂಬ ಲೆಕ್ಕದಲ್ಲಿ. ಯಶ್ ಪಾಲ್ ಯುಜಿಸಿಯ ಅಧ್ಯಕ್ಷರಾಗಿದ್ದ ಕಾಲವದು. ಪ್ರತಿ ವಿಶ್ವವಿದ್ಯಾಲಯವೂ ದೊಡ್ಡ ಉಪಕರಣ, ದೊಡ್ಡ ಕಂಪ್ಯೂಟರ್, ದೊಡ್ಡ ಗ್ರಂಥಾಲಯ ಇಟ್ಟುಕೊಳ್ಳಲಾರದು. ಒಂದು ಕಡೆ ಕಟ್ಟಿ ಎಲ್ಲರೂ ಬಂದು ಬಳಸಲಿ ಎಂಬುದು ಅಂತರ ವಿಶ್ವವಿದ್ಯಾಲಯ ಕೇಂದ್ರಗಳ ಹಿಂದಿನ ಯೋಚನೆ. 1988ರಲ್ಲಿ ಜಯಂತ ನಾರ್ಳೀಕರ್ ಅದನ್ನು ಪುಣೆಯಲ್ಲಿ ಕಟ್ಟಲು ಹೊರಟರು. ಹಂಚಿಕೊಂಡು ಬಳಸುವ ಈ ತತ್ತ್ವಕ್ಕೆ ದೂರದರ್ಶಕಕ್ಕಿಂತ ಜರ್ನಲ್‌ಗಳೇ ಹೆಚ್ಚು ತುರ್ತಿನ ವಸ್ತುವಾಗಿದ್ದವು. ಅದು ಯಾಕೆ ಎಂದು ತಿಳಿಯಲು ಅಂದಿನ ನಿಯತಕಾಲಿಕ ವಿಭಾಗದೊಳಗೆ ಒಮ್ಮೆ ಹೋಗಿ ಬರಬೇಕು.

ವಿಭಾಗದ ನಡುವೆ ಕಾರ್ಡೆಕ್ಸ್ ಎಂಬ ಕಬ್ಬಿಣದ ಡ್ರಾಯರುಗಳ ಪೆಟ್ಟಿಗೆ. ಒಂದೊಂದು ಜರ್ನಲ್‌ಗೆ ಒಂದೊಂದು ಕಾರ್ಡು. ಸಂಚಿಕೆ ಬಂದ ದಿನ ಆ ತಿಂಗಳ ಚೌಕದಲ್ಲಿ ಒಂದು ಗುರುತು. ವಿದೇಶದ ಸಂಚಿಕೆ ಹಡಗಿನ ಅಂಚೆಯಲ್ಲಿ ಬಂದರೆ ತಿಂಗಳುಗಟ್ಟಲೆ ತಡ. ಜನವರಿಯದು ಬರುವ ಮೊದಲೇ ಫೆಬ್ರವರಿಯದು ಬರುವುದು, ಮಾರ್ಚಿಯದು ಬರದೇ ಹೋಗುವುದು ಮಾಮೂಲಿ. ಬರಲಿಲ್ಲವೆಂದು ಏಜೆಂಟರಿಗೆ ಪತ್ರ, ಅದಕ್ಕೆ ಉತ್ತರವಿಲ್ಲದಿದ್ದರೆ ಜ್ಞಾಪನ ಪತ್ರ. ತಡಮಾಡಿ ಕೇಳಿದರೆ ಪ್ರಕಾಶಕ ‘ಸ್ಟಾಕ್ ಇಲ್ಲ’ ಎನ್ನುತ್ತಿದ್ದ, ಸಂಪುಟ ಹಲ್ಲು ಬಿದ್ದ ಬಾಯಿಯಂತೆ ಉಳಿಯುತ್ತಿತ್ತು. ಹಣದ ಲೆಕ್ಕವೂ ಸಲೀಸಲ್ಲ. ಜರ್ನಲ್‌ನ ವರ್ಷ ಜನವರಿಗೆ ಶುರು, ಸರ್ಕಾರದ ವರ್ಷ ಏಪ್ರಿಲ್‌ಗೆ. ಚಂದಾವನ್ನು ಮುಂಗಡ ಕಟ್ಟಬೇಕು, ಆದರೆ ಬಾರದ ಮಾಲಿಗೆ ದುಡ್ಡು ಕೊಟ್ಟಿದ್ದೇಕೆ ಎಂದು ಆಡಿಟ್‌ನವರು ಕೇಳುತ್ತಾರೆ. ವರ್ಷದ ಸಂಚಿಕೆಗಳೆಲ್ಲ ಕೂಡಿದ ಮೇಲೆ ಶೀರ್ಷಿಕೆ ಪುಟ, ಸೂಚಿ ಸೇರಿಸಿ ಬೈಂಡಿಂಗ್‌ಗೆ ಕಳಿಸುವುದು. ಬೆನ್ನಿನ ಮೇಲೆ ಬಂಗಾರದ ಬಣ್ಣದ ಅಕ್ಷರದಲ್ಲಿ ಹೆಸರು, ಸಂಪುಟ, ವರ್ಷ. ಆಮೇಲೆ ಅದು ಕಪಾಟಿನ ಸೊತ್ತು. ಮುಂದಿನ ವರ್ಷ ಚಂದಾ ನಿಂತರೂ ಆ ಸಂಪುಟವನ್ನು ಯಾರೂ ಹಿಂದಕ್ಕೆ ಒಯ್ಯುತ್ತಿರಲಿಲ್ಲ.

ದುಡ್ಡೇ ಕೊಡದೆ ಜರ್ನಲ್ ತರಿಸುವ ದಾರಿಯೂ ಒಂದಿತ್ತು: ವಿನಿಮಯ. ಕೊಡೈಕೆನಾಲ್ ವೀಕ್ಷಣಾಲಯ ತನ್ನ ಬುಲೆಟಿನ್‌ಗಳನ್ನು ಹೊರದೇಶದ ವೀಕ್ಷಣಾಲಯಗಳಿಗೆ ಕಳಿಸುತ್ತಿತ್ತು, ಅವು ತಮ್ಮವನ್ನು ಇಲ್ಲಿಗೆ ಕಳಿಸುತ್ತಿದ್ದವು. ಸೂರ್ಯನ ಕಲೆಗಳಲ್ಲಿ ಅನಿಲ ಹೊರಮುಖವಾಗಿ ಹರಿಯುವುದನ್ನು 1909ರಲ್ಲಿ ಜಾನ್ ಎವರ್‌ಶೆಡ್ ಕಂಡುಹಿಡಿದದ್ದು ಲೋಕಕ್ಕೆ ತಿಳಿದದ್ದೂ ಅಂಥದೊಂದು ಬುಲೆಟಿನ್‌ನಿಂದಲೇ. ಕೊಡೈಕೆನಾಲ್‌ನ ಪರಂಪರೆಯನ್ನು ಇಂದು ಹೊತ್ತಿರುವುದು ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆ. ಜರ್ನಲ್‌ಗಳ ಲೇನಾದೇನಾ ವಿದ್ವಾಂಸರ ಬಳಗದೊಳಗೇ ನಡೆಯುತ್ತಿದ್ದ ಕಾಲದ ಕುರುಹು ಅದು. ಎರಡನೇ ಮಹಾಯುದ್ಧದ ನಂತರ ವಾಣಿಜ್ಯ ಪ್ರಕಾಶಕರು ಈ ಕ್ಷೇತ್ರಕ್ಕೆ ಇಳಿದ ಮೇಲೆ ಕೊಡುಕೊಳ್ಳುವಿಕೆಯ ಸ್ವರೂಪವೇ ಬದಲಾಯಿತು. ವರ್ಷ ವರ್ಷ ಬೆಲೆ ಏರಿತು.

1991 ಬಂತು. ಜುಲೈ 1 ಮತ್ತು 3ರಂದು ಎರಡು ಕಂತಿನಲ್ಲಿ ರೂಪಾಯಿಯ ಅಪಮೌಲ್ಯ. ಜೂನ್‌ನಲ್ಲಿ ಸುಮಾರು 21 ರೂಪಾಯಿ ಇದ್ದ ಡಾಲರ್ ಮೂರು ದಿನದಲ್ಲಿ 25 ದಾಟಿತು, 1993ರ ಹೊತ್ತಿಗೆ 31ರ ಹತ್ತಿರ ಬಂತು. ಸಾವಿರ ಡಾಲರಿನ ಒಂದು ಜರ್ನಲ್‌ಗೆ 21,000 ಕೊಡುತ್ತಿದ್ದ ಗ್ರಂಥಾಲಯ ಎರಡೇ ವರ್ಷದಲ್ಲಿ 31,000 ಹೊಂದಿಸಬೇಕಾಯಿತು. ಪ್ರಕಾಶಕರು ಏರಿಸಿದ ದರ ಅದರ ಮೇಲೆ. ಪುಸ್ತಕ ವ್ಯಾಪಾರಿಗಳು ಮತ್ತು ಗ್ರಂಥಾಲಯಗಳ ನಡುವೆ ವಿದೇಶಿ ಹಣದ ದರ ಗೊತ್ತುಮಾಡುತ್ತಿದ್ದ ಗುಡ್ ಆಫೀಸಸ್ ಕಮಿಟಿಯ ಪಟ್ಟಿ ಬಂದಾಗಲೆಲ್ಲ ಗ್ರಂಥಪಾಲಕರು ಪೆನ್ಸಿಲ್ ಹಿಡಿದು ಕೂರಬೇಕು: ಯಾವುದನ್ನು ಉಳಿಸೋಣ, ಯಾವುದನ್ನು ನಿಲ್ಲಿಸೋಣ. ಒಮ್ಮೆ ನಿಲ್ಲಿಸಿದ ಜರ್ನಲ್ ಮತ್ತೆ ಶುರುವಾಗುವುದು ಅಪರೂಪ.

ಅದೇ ವರ್ಷದ ಆಗಸ್ಟ್‌ನಲ್ಲಿ ಅಮೆರಿಕದ ಲಾಸ್ ಅಲಮೋಸ್‌ನಲ್ಲಿ ಪಾಲ್ ಗಿನ್ಸ್‌ಪಾರ್ಗ್ ಎಂಬ ಭೌತವಿಜ್ಞಾನಿ ಒಂದು ಕಂಪ್ಯೂಟರಿನಲ್ಲಿ ಲೇಖನಗಳ ಹಸ್ತಪ್ರತಿಗಳನ್ನು ಇಟ್ಟು ಯಾರು ಬೇಕಾದರೂ ಇಮೇಲ್‌ನಲ್ಲಿ ತರಿಸಿಕೊಳ್ಳುವ ವ್ಯವಸ್ಥೆ ಮಾಡಿದರು. ಮುಂದೆ ಆರ್‌ಕೈವ್ ಎಂದು ಹೆಸರಾದದ್ದು ಅದೇ. ಮಾರ್ಚ್, ಜುಲೈ, ಆಗಸ್ಟ್. ಒಂದೇ ವರ್ಷದ ಈ ಮೂರು ಘಟನೆಗಳಿಗೆ ಪರಸ್ಪರ ಗೊತ್ತುಪರಿಚಯವಿರಲಿಲ್ಲ. ಮುಂದಿನ ಕಥೆಯೆಲ್ಲ ಅವು ಒಂದರ ಮೇಲೊಂದು ಹೊರಳಿದ್ದರಿಂದ ಆದದ್ದು.

ಬೆಂಗಳೂರಿನ ಗ್ರಂಥಪಾಲಕರು ಇದಕ್ಕೂ ಹತ್ತು ವರ್ಷ ಮೊದಲೇ ಒಂದು ಉಪಾಯ ಕಂಡುಕೊಂಡಿದ್ದರು. 1981ರಲ್ಲಿ ಹುಟ್ಟಿದ ಫೋರ್ಸಾ ಎಂಬ ಒಕ್ಕೂಟದಲ್ಲಿ ಖಗೋಳ ವಿಜ್ಞಾನದ ಗ್ರಂಥಾಲಯಗಳು ಕೂಡಿಕೊಂಡವು: ಬೆಂಗಳೂರಿನ ಖಭೌತ ಸಂಸ್ಥೆ, ರಾಮನ್ ಸಂಶೋಧನಾ ಸಂಸ್ಥೆ, ಅಹಮದಾಬಾದಿನ ಭೌತಿಕ ಸಂಶೋಧನಾ ಪ್ರಯೋಗಾಲಯ ಮುಂತಾದವು. ಆಮೇಲೆ ಪುಣೆಯ ಆಯುಕಾ ಮತ್ತು ಎನ್‌ಸಿಆರ್‌ಎ ಸೇರಿದವು. ಯಾರಲ್ಲಿ ಏನಿದೆ ಎಂಬ ಪಟ್ಟಿಯನ್ನು ಎಲ್ಲರೂ ಇಟ್ಟುಕೊಳ್ಳುವುದು, ಬೇಕಾದ ಲೇಖನವನ್ನು ಇದ್ದವರು ಜೆರಾಕ್ಸ್ ಮಾಡಿ ಅಂಚೆಗೆ ಹಾಕುವುದು. ಕೆಲಸ ಇಷ್ಟೇ, ಸರಳ. ಕಾಗದದ ಸಂಪುಟ ನಿಮ್ಮದು, ಅದರ ಒಂದು ಲೇಖನದ ಪ್ರತಿಯನ್ನು ಓದುಗನೊಬ್ಬನಿಗೆ ಕಳಿಸಲು ಪ್ರಕಾಶಕನ ಅಪ್ಪಣೆ ಕೇಳಬೇಕಾಗಿರಲಿಲ್ಲ.

ಖಗೋಳದ ಜರ್ನಲ್‌ಗಳ ಹಣೆಬರಹ ಇತರರಿಗಿಂತ ಚೆನ್ನಾಗಿತ್ತು ಎನ್ನಬೇಕು. ಅವುಗಳಲ್ಲಿ ಮುಖ್ಯವಾದವು ವಿದ್ವತ್ ಸಂಘಗಳ ಕೈಯಲ್ಲಿದ್ದವು. 1895ರಲ್ಲಿ ಶುರುವಾದ ಅಸ್ಟ್ರೊಫಿಸಿಕಲ್ ಜರ್ನಲ್ ಅನ್ನು 1952ರಿಂದ 1971ರವರೆಗೆ ಸಂಪಾದಿಸಿ ಅದರ ಕ್ಷೇತ್ರದಲ್ಲಿ ಮೊದಲ ಸಾಲಿಗೆ ತಂದವರು ಸುಬ್ರಹ್ಮಣ್ಯನ್ ಚಂದ್ರಶೇಖರ್. ಅವರೇ 1992ರ ಡಿಸೆಂಬರ್‌ನಲ್ಲಿ ಆಯುಕಾದ ಹೊಸ ಕಟ್ಟಡಗಳ ಲೋಕಾರ್ಪಣೆಗೆ ಪುಣೆಗೆ ಬಂದಿದ್ದರು. ಮೂರು ನಾಲ್ಕು ವರ್ಷದಲ್ಲಿ ಅವರ ಜರ್ನಲ್ ಇಂಟರ್‌ನೆಟ್‌ನಲ್ಲಿ ಬರತೊಡಗಿತು. ಅಷ್ಟು ಹೊತ್ತಿಗೆ ನಾಸಾದ ಎಡಿಎಸ್ ವ್ಯವಸ್ಥೆ ಹಳೆಯ ಸಂಪುಟಗಳನ್ನು ಪುಟಪುಟ ಸ್ಕ್ಯಾನ್ ಮಾಡಿ ಪುಕ್ಕಟೆ ಇಡುತ್ತಿತ್ತು. ಅಟ್ಲಾಂಟಿಕ್ ಆಚೆಯ ಕಂಪ್ಯೂಟರನ್ನು ತಲುಪಲು ಇಲ್ಲಿನ ಸಂಪರ್ಕ ಒದ್ದಾಡುತ್ತಿದ್ದ ಕಾಲದಲ್ಲಿ ಎಡಿಎಸ್‌ನ ಒಂದು ಪ್ರತಿರೂಪವನ್ನು ಆಯುಕಾ ಪುಣೆಯಲ್ಲೇ ಇಟ್ಟುಕೊಂಡಿತು. 2010ರ ಫೆಬ್ರವರಿಯಲ್ಲಿ ಖಗೋಳ ಗ್ರಂಥಪಾಲಕರ ಜಾಗತಿಕ ಸಮ್ಮೇಳನ ‘ಲಿಸಾ’ದ ಆರನೆಯ ಕೂಟ ಆಯುಕಾದಲ್ಲೇ ನಡೆಯಿತು.

ಆಯುಕಾದಿಂದ ತುಸು ದೂರ, ಪಾಷಾಣ ರಸ್ತೆಯಲ್ಲಿ 1950ರಿಂದ ಇರುವ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯಕ್ಕೆ ಈ ಅದೃಷ್ಟವಿರಲಿಲ್ಲ. ರಸಾಯನ ವಿಜ್ಞಾನದ ಬಹುಪಾಲು ದುಬಾರಿ ಜರ್ನಲ್‌ಗಳು ವಾಣಿಜ್ಯ ಪ್ರಕಾಶಕರವು. 1907ರಲ್ಲಿ ಹುಟ್ಟಿದ ಕೆಮಿಕಲ್ ಅಬ್‌ಸ್ಟ್ರಾಕ್ಟ್ಸ್ ಎಂಬ ಸಾರಾಂಶಗಳ ಮಹಾಗ್ರಂಥ ವರ್ಷಕ್ಕೊಂದಿಷ್ಟು ಕಪಾಟು ನುಂಗುತ್ತ ಬೆಳೆದು, 2010ರ ಜನವರಿಗೆ ಮುದ್ರಣ ನಿಲ್ಲಿಸಿ ಪೂರ್ತಿ ಪರದೆಗೆ ಹೋಯಿತು. ಆ ಹೊತ್ತಿಗೆ ಅಲ್ಲಿನ ಗ್ರಂಥಾಲಯವೂ ಗುಂಪು ಖರೀದಿಗೆ ಸೇರಿಯಾಗಿತ್ತು. 2002ರಲ್ಲಿ ಸಿಎಸ್‌ಐಆರ್ ತನ್ನ ಎಲ್ಲ ಪ್ರಯೋಗಾಲಯಗಳ ಪರವಾಗಿ ಎಲ್ಸೆವಿಯರ್ ಜೊತೆ ಒಪ್ಪಂದ ಮಾಡಿಕೊಂಡಿತು. 2003ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಬಾಲಕೃಷ್ಣನ್ ನೇತೃತ್ವದ ತಜ್ಞರ ಸಮಿತಿಯ ಶಿಫಾರಸಿನ ಮೇಲೆ ಐಐಟಿಗಳಂಥ ಸಂಸ್ಥೆಗಳಿಗೆ ಇಂಡೆಸ್ಟ್ ಬಂತು. 2004ರಿಂದ ವಿಶ್ವವಿದ್ಯಾಲಯಗಳಿಗೆ ಯುಜಿಸಿ-ಇನ್‌ಫೊನೆಟ್, ಅದರ ಹಿಂದೆ ಇನ್‌ಫ್ಲಿಬ್‌ನೆಟ್. 2015ರಲ್ಲಿ ಇವೆರಡೂ ಇ-ಶೋಧಸಿಂಧುವಿನಲ್ಲಿ ಕೂಡಿದವು. ಅದರ ಮುಂದಿನ ಹೆಜ್ಜೆ ಇವತ್ತಿನ ಒಂದೇ ಚಂದಾ.

ಹಿಂದೆಂದೂ ತರಿಸಲಾಗದಿದ್ದ ಜರ್ನಲ್‌ಗಳು ಸಣ್ಣ ಊರಿನ ವಿಶ್ವವಿದ್ಯಾಲಯಗಳಿಗೂ ಸಿಕ್ಕಿದ್ದು ಈ ಒಕ್ಕೂಟಗಳಿಂದ, ಇದರಲ್ಲಿ ಎರಡು ಮಾತಿಲ್ಲ. ಕೊಟ್ಟದ್ದೇನು ಎಂಬ ಲೆಕ್ಕ ಮಾತ್ರ ತಡವಾಗಿ ತಿಳಿಯಿತು. ಕಾರ್ಡೆಕ್ಸ್ ಹೋಯಿತು, ಬೈಂಡಿಂಗ್ ಹೋಯಿತು, ಅದರ ಜೊತೆ ಒಡೆತನವೂ ಹೋಯಿತು. ಹೊಸ ವ್ಯವಸ್ಥೆಯಲ್ಲಿ ಚಂದಾ ಎಂದರೆ ಬಾಡಿಗೆ: ಕಟ್ಟುವಷ್ಟು ದಿನ ಬಾಗಿಲು ತೆರೆದಿರುತ್ತದೆ. ನಿಲ್ಲಿಸಿದ ಮೇಲೆ, ದುಡ್ಡು ಕೊಟ್ಟ ವರ್ಷಗಳ ಸಂಚಿಕೆಗಳಾದರೂ ಸಿಗುತ್ತವೆಯೇ ಎಂಬುದು ಒಪ್ಪಂದದ ಒಂದು ಕಲಮಿನ ಮೇಲೆ ನಿಂತಿರುತ್ತದೆ. ಆ ಕಲಮನ್ನು ಹೊಡೆದಾಡಿ ಸೇರಿಸುವುದು ಈಗ ಗ್ರಂಥಪಾಲಕನ ಕಸುಬಿನ ದೊಡ್ಡ ಭಾಗ. ಓದುಗ ಯಾರು ಎಂಬುದನ್ನೂ ಒಪ್ಪಂದವೇ ಹೇಳುತ್ತದೆ. ಹೆಚ್ಚಾಗಿ ಆವರಣದ ಕಂಪ್ಯೂಟರಿನ ಐಪಿ ವಿಳಾಸವೇ ಗುರುತಿನ ಚೀಟಿ. ಫೋರ್ಸಾ ಕಾಲದಲ್ಲಿ ಇನ್ನೊಂದು ಊರಿನ ಓದುಗನಿಗೆ ನಿಶ್ಚಿಂತೆಯಿಂದ ಲೇಖನ ಕಳಿಸುತ್ತಿದ್ದ ಗ್ರಂಥಪಾಲಕ ಈಗ ಮೊದಲು ಲೈಸೆನ್ಸ್ ತೆಗೆದು ಓದಬೇಕು.

ಪುಕ್ಕಟೆ ಸಿಗುವ ಜರ್ನಲ್‌ಗಳಿಗೆ ಈ ಭಯವಿಲ್ಲ ಎಂದೂ ಹೇಳಲಾಗದು. 2000ದಿಂದ 2019ರ ನಡುವೆ 176 ಮುಕ್ತ ಜರ್ನಲ್‌ಗಳು ಜಾಲದಿಂದ ಕಾಣೆಯಾದವೆಂದು 2020ರಲ್ಲಿ ಬಂದ ಒಂದು ಅಧ್ಯಯನ ಪಟ್ಟಿಮಾಡಿತು. ಕಪಾಟಿನಲ್ಲಿ ಧೂಳು ಹಿಡಿದ ಸಂಪುಟ ಕಾಣೆಯಾಗಲು ಗೆದ್ದಲು ಬೇಕು, ಬೆಂಕಿ ಬೇಕು, ಇಲ್ಲವೇ ಜಾಗ ಸಾಲದೆಂದು ರದ್ದಿಗೆ ಹಾಕುವ ಅಧಿಕಾರಿ ಬೇಕು. ವೆಬ್ ವಿಳಾಸಕ್ಕೆ ನವೀಕರಣದ ಹಣ ಕಟ್ಟಲು ಮರೆತರೆ ಸಾಕು.

ವಾಕಡದ ಆ ಹುಡುಗನಿಗೆ ಹಿಂದಿನ ಕಾಲದಲ್ಲೂ ಬಾಗಿಲು ಅಗಲವಾಗಿ ತೆರೆದಿರಲಿಲ್ಲ. ಆದರೆ ಕಾಲೇಜಿನ ಪ್ರಿನ್ಸಿಪಾಲರ ಪತ್ರ ಹಿಡಿದು ದೊಡ್ಡ ಗ್ರಂಥಾಲಯಕ್ಕೆ ಹೋಗಿ, ರಿಜಿಸ್ಟರಿನಲ್ಲಿ ಹೆಸರು ಬರೆದು, ಸಂಪುಟ ಇಳಿಸಿ ಕೂತು ಓದುವ ರೂಢಿ ಇತ್ತು. ಈಗ ಅವನ ಕಾಲೇಜು ತನ್ನ ದುಡ್ಡಿನಲ್ಲಿ ಒಂದೋ ಎರಡೋ ಡೇಟಾಬೇಸ್ ತರಿಸಿದರೆ ಅಷ್ಟೇ. ಉಳಿದದ್ದಕ್ಕೆ ಲೇಖಕರಿಗೆ ಇಮೇಲ್ ಬರೆದು ಕೇಳುತ್ತಾನೆ, ಆರ್‌ಕೈವ್‌ನಲ್ಲಿ ಹುಡುಕುತ್ತಾನೆ, ಸರ್ಕಾರಿ ಸಂಸ್ಥೆಯಲ್ಲಿರುವ ಗೆಳೆಯನಿಗೆ ಮೆಸೇಜು ಹಾಕುತ್ತಾನೆ. ಅಸ್ಟ್ರೊಫಿಸಿಕಲ್ ಜರ್ನಲ್ 2022ರಿಂದ ಎಲ್ಲರಿಗೂ ಮುಕ್ತವಾಗಿದೆ. ಚಂದ್ರಶೇಖರ್ ಸಂಪಾದಿಸಿದ ಇಪ್ಪತ್ತು ವರ್ಷದ ಸಂಪುಟಗಳನ್ನು ಅವನು ತನ್ನ ಕೋಣೆಯಲ್ಲಿ ಕೂತು ಎಡಿಎಸ್‌ನಲ್ಲಿ ಒಂದೊಂದಾಗಿ ತೆರೆಯಬಹುದು. ಹೋದ ತಿಂಗಳು ಬಂದ ಬ್ಯಾಟರಿ ರಸಾಯನದ ಲೇಖನ ಮಾತ್ರ ಇನ್ನೂ ಡಾಲರ್ ಕೇಳುತ್ತಿದೆ.