ಅಪ್ಪನ ಜನತಾ ವಾಚು
ಭದ್ರಾವತಿಯಲ್ಲಿ ನಮಗೆ ಹೊತ್ತು ತಿಳಿಸುತ್ತಿದ್ದುದು 1923ರಿಂದ ಕಬ್ಬಿಣ ಕರಗಿಸುತ್ತಿದ್ದ ಕಾರ್ಖಾನೆಯ ಸೈರನ್. ಕೈಗಡಿಯಾರ ಸಾಹುಕಾರರ ಸೊತ್ತು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚು ತಯಾರಾಗತೊಡಗಿದ ಮೇಲೆ ಕಾರ್ಮಿಕರ ಮನೆಗೂ ಅದು ಬಂತು. ಅಪ್ಪ ಬೋನಸ್ ಹಣದಲ್ಲಿ ಕೊಂಡ ಎಚ್‌ಎಂಟಿ ‘ಜನತಾ’ ವಾಚಿಗೆ ದಿನಾ ಬೆಳಿಗ್ಗೆ ಕೀಲಿ ಕೊಡುತ್ತಿದ್ದರು.

ಶಿವಮೊಗ್ಗದ ಗಾಂಧಿ ಬಜಾರಿನ ನೂಕುನುಗ್ಗಲಲ್ಲಿ ಅದು ಕಳುವಾಯಿತು. ಅಮ್ಮ ಊಟ ಬಿಟ್ಟಳು. ನೆಂಟರು ಸಾವಿನ ಮನೆಗೆ ಬಂದಂತೆ ಬಂದು ಮಾತಾಡಿಸಿದರು. ಠಾಣೆಯಲ್ಲಿ ಮೊದಲು ಕೇಳಿದ್ದು ರಸೀದಿ. ಅಪ್ಪ ಮತ್ತೆ ವಾಚು ಕಟ್ಟಲೇ ಇಲ್ಲ. ಕಳೆದದ್ದು ಕುಲುಮೆಯ ಬೇಗೆಯಲ್ಲಿ ದುಡಿದು ಕೊಂಡದ್ದು. ಆ ದುಃಖ ಅತಿಯೆಂದು ನನಗೆ ಇಂದಿಗೂ ಅನ್ನಿಸುವುದಿಲ್ಲ.

2016ರಲ್ಲಿ ಎಚ್‌ಎಂಟಿ ವಾಚು ಕಂಪನಿಯನ್ನೇ ಮುಚ್ಚಲು ಕೇಂದ್ರ ನಿರ್ಧರಿಸಿತು. ನಿಮ್ಮ ಮನೆಯಲ್ಲಿ ಹಳೆಯದೊಂದು ಉಳಿದಿದ್ದರೆ ಫೋಟೊ ತೆಗೆದು, ರಸೀದಿಯ ಜೊತೆ ಜೋಪಾನವಾಗಿಡಿ.